ಅನುಕಂಪ ಬೇಡದ ಓಟಗಾರ ಎರ್ನಿ ಡೇವಿಸ್

ಗವಾಸ್ಕರ್ ದೊಡ್ಡವರೋ ತೆಂಡೂಲ್ಕರ್ ದೊಡ್ಡವರೋ ಎಂಬ ವಾದ ನಮ್ಮಲ್ಲಿ ಹೇಗೆ ಮುಗಿಯುವುದಿಲ್ಲವೋ, ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಸಾರ್ವಕಾಲಿಕ ಶ್ರೇಷ್ಠ ರನ್ನಿಂಗ್ ಬ್ಯಾಕ್ ಯಾರು ಎಂಬ ವಾದವೂ ಅಲ್ಲಿ ಹಾಗೆಯೇ ಮುಗಿಯುವುದಿಲ್ಲ. ಜಾರ್ಜಿಯಾದ ಹರ್ಷಲ್ ವಾಕರ್, ಓಹಿಯೊ ಸ್ಟೇಟ್‌ನ ಆರ್ಚಿ ಗ್ರಿಫಿನ್, ಒಕ್ಲಹೋಮ ಸ್ಟೇಟ್‌ನ ಬ್ಯಾರಿ ಸ್ಯಾಂಡರ್ಸ್ ಹೀಗೆ ಹೆಸರುಗಳು ಬರುತ್ತವೆ, ಹೋಗುತ್ತವೆ. ಈ ಪಟ್ಟಿಯಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಎರ್ನಿ ಡೇವಿಸ್ ಹೆಸರು ಬಂದಾಗ ಮಾತ್ರ ವಾದಿಸುವವರ ದನಿ ತಗ್ಗುತ್ತದೆ. ಇಪ್ಪತ್ತಮೂರನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್‌ಗೆ ಬಲಿಯಾದ ತರುಣನಿಗೆ ಒಂದು ಸ್ಥಾನ ಇರಲಿ ಎಂಬ ಮರುಕ ಆ ದನಿಯಲ್ಲಿರುತ್ತದೆ. ಡೇವಿಸ್ ಅವರಿಗೆ ಆಗಿರುವ ಅನ್ಯಾಯಗಳಲ್ಲಿ ಈ ಮರುಕವೂ ಒಂದು.

ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ಬಲ್ಲ ಕಾಲ್ಚೆಂಡಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಗಡಿಯತ್ತ ಒಯ್ಯುವ ಆಟ ಅದು. ಚೆಂಡನ್ನು ಎದೆಗವಚಿಕೊಂಡು, ಮೈಮೇಲೆ ಬೀಳುವ ರಕ್ಷಕರ ನಡುವೆ ನುಸುಳಿ ಓಡುವವನೇ ರನ್ನಿಂಗ್ ಬ್ಯಾಕ್. ಕಬಡ್ಡಿಯ ದಾಳಿಗಾರ ಹಿಂತಿರುಗದೆ ಮುಂದಕ್ಕೇ ಓಡಿದರೆ ಹೇಗಿರುತ್ತದೋ ಹಾಗೆ. ಎಷ್ಟು ಗಜ ಓಡಿದ ಎಂಬುದೇ ಅವನ ಲೆಕ್ಕ. ಗಡಿ ದಾಟಿದರೆ ಟಚ್‌ಡೌನ್, ಆರು ಅಂಕ.

ಎರ್ನಿ ಡೇವಿಸ್ ಜನಿಸಿದ್ದು 1939ರ ಡಿಸೆಂಬರ್ 14ರಂದು, ಪೆನ್ಸಿಲ್ವೇನಿಯಾದ ನ್ಯೂ ಸೇಲಂನಲ್ಲಿ. ತಂದೆಯ ಮುಖವನ್ನು ಆತ ಕಾಣಲೇ ಇಲ್ಲ. ಅಪಘಾತವೊಂದು ಅವರನ್ನು ಬಲಿ ತೆಗೆದುಕೊಂಡಿತ್ತು. ಕಲ್ಲಿದ್ದಲ ಗಣಿಗಳ ಸೀಮೆಯಾದ ಯೂನಿಯನ್‌ಟೌನ್‌ನಲ್ಲಿ ತಾಯಿಯ ತಂದೆತಾಯಿಗಳ ಆಸರೆಯಲ್ಲಿ ಬಾಲ್ಯ ಕಳೆಯಿತು. ಮಾತು ತೊದಲುತ್ತಿದ್ದ ಹುಡುಗ ಹೆಚ್ಚಾಗಿ ಮೌನಿಯೇ. ಹನ್ನೆರಡರ ವಯಸ್ಸಿನಲ್ಲಿ ತಾಯಿ ಇದ್ದ ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಪಟ್ಟಣಕ್ಕೆ ಬಂದ ಮೇಲೆ ಮೈದಾನವೇ ಅವನ ಮಾತಾಯಿತು. ಎಲ್ಮೈರಾ ಫ್ರೀ ಅಕಾಡೆಮಿ ಶಾಲೆಯಲ್ಲಿ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್ ಮೂರರಲ್ಲೂ ಮಿಂಚಿದ. ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡ ಸತತ 52 ಪಂದ್ಯ ಗೆದ್ದದ್ದು ಅವನ ಕಾಲದಲ್ಲಿಯೇ.

ಹಲವಾರು ಕಾಲೇಜುಗಳು ಕರೆದರೂ ಡೇವಿಸ್ ಆರಿಸಿಕೊಂಡದ್ದು ಮನೆಗೆ ಸಮೀಪದ ಸಿರಾಕ್ಯೂಸ್. ಅಲ್ಲಿ ಆಡಿ ಹೋಗಿದ್ದ ಜಿಮ್ ಬ್ರೌನ್ ಅವರ ಮನವೊಲಿಕೆಯೂ ಇದಕ್ಕೆ ಕಾರಣ. ತರಬೇತುದಾರ ಬೆನ್ ಶ್ವಾರ್ಟ್ಸ್‌ವಾಲ್ಡರ್ ಅವರು ಬ್ರೌನ್ ತೊಡುತ್ತಿದ್ದ 44ನೇ ಸಂಖ್ಯೆಯ ಅಂಗಿಯನ್ನೇ ಹೊಸಬನಿಗೆ ಕೊಟ್ಟರು. ಆ ಹೊರೆ ಸಣ್ಣದೇನಲ್ಲ.

ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿಲ್ಲ ಎಂಬ ನಿಯಮ ಅಂದು ಜಾರಿಯಲ್ಲಿತ್ತು. ಹೀಗಾಗಿ ಡೇವಿಸ್ ಆಟ ಆರಂಭವಾದದ್ದು 1959ರಲ್ಲಿ. ಆ ಋತುವಿನಲ್ಲಿ ಸಿರಾಕ್ಯೂಸ್ ಆಡಿದ ಹನ್ನೊಂದೂ ಪಂದ್ಯಗಳನ್ನು ಗೆದ್ದು ರಾಷ್ಟ್ರೀಯ ಚಾಂಪಿಯನ್ ಎನಿಸಿತು. ಹನ್ನೊಂದನೆಯದು 1960ರ ಜನವರಿ 1ರಂದು ಡಲ್ಲಾಸ್‌ನಲ್ಲಿ ಟೆಕ್ಸಾಸ್ ವಿರುದ್ಧ ನಡೆದ ಕಾಟನ್ ಬೌಲ್. ಸ್ನಾಯು ನೋವಿನಿಂದ ಬಳಲುತ್ತಿದ್ದ ಡೇವಿಸ್ ಆಡುವುದೇ ಅನುಮಾನವಾಗಿತ್ತು. ಪಂದ್ಯ ಶುರುವಾಗಿ ಸ್ವಲ್ಪವೇ ಹೊತ್ತಿನಲ್ಲಿ ಸಹ ಆಟಗಾರ ಎಸೆದ ಚೆಂಡನ್ನು ಹಿಡಿದು ಟಚ್‌ಡೌನ್‌ಗೆ ಮುಟ್ಟಿಸಿದರು. ಆ ಒಂದು ಚಲನೆಯ ದೂರ 87 ಗಜ. ಎರಡನೇ ಟಚ್‌ಡೌನ್ ಕೂಡ ಅವರದೇ. ಸಿರಾಕ್ಯೂಸ್ 23-14ರಿಂದ ಗೆದ್ದಿತು, ಪಂದ್ಯಶ್ರೇಷ್ಠ ಗೌರವವೂ ಡೇವಿಸ್ ಪಾಲಾಯಿತು.

ಆದರೆ ಅದು ವರ್ಣಭೇದದ ದಕ್ಷಿಣ. ಸಿರಾಕ್ಯೂಸ್ ತಂಡದಲ್ಲಿ ಮೂವರು ಕಪ್ಪುವರ್ಣೀಯರಿದ್ದರು. ಮೈದಾನದಲ್ಲಿ ಬೈಗುಳ, ಕೈಕೈ ಮಿಲಾಯಿಸುವಿಕೆ ಎರಡೂ ಆದವು. ಅಂದು ರಾತ್ರಿಯ ಸನ್ಮಾನದ ಔತಣಕೂಟದಲ್ಲಿ ಪ್ರಶಸ್ತಿ ಪಡೆದ ಕೂಡಲೇ ಹೊರನಡೆಯಬೇಕೆಂಬ ಸೂಚನೆ ಅವರಿಗೆ ಬಂತು. ಪಂದ್ಯದ ನಾಯಕನಿಗೆ ಪಂದ್ಯದ ಊಟದಲ್ಲಿ ಜಾಗವಿರಲಿಲ್ಲ. ಅಸ್ಪೃಶ್ಯತೆಯ ಇತಿಹಾಸವುಳ್ಳ ನಾಡಿನವರಾದ ನಮಗೆ ಈ ಪ್ರಸಂಗವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಅಂಕಿಅಂಶಕ್ಕೆ ಬರೋಣ, ವಾದದ ಜೀವಾಳ ಇರುವುದು ಅಲ್ಲಿಯೇ. ಮೂರು ಋತುಗಳಲ್ಲಿ ಡೇವಿಸ್ ಓಡಿದ್ದು ಕ್ರಮವಾಗಿ 686, 877 ಮತ್ತು 823, ಒಟ್ಟು 2,386 ಗಜ. ಜಿಮ್ ಬ್ರೌನ್ ಅವರ ಸಿರಾಕ್ಯೂಸ್ ದಾಖಲೆ ಇದರಿಂದ ಮುರಿಯಿತು. ನಿಜ, ನಂತರದವರ ಮುಂದೆ ಇದು ಪುಟ್ಟ ಮೊತ್ತ. ಸ್ಯಾಂಡರ್ಸ್ 1988ರ ಒಂದೇ ಋತುವಿನಲ್ಲಿ 2,628 ಗಜ ಓಡಿದರು. ವಾಕರ್ 1980ರಿಂದ 1982ರವರೆಗಿನ ಮೂರೇ ಋತುಗಳಲ್ಲಿ 5,259 ಗಜ ಕ್ರಮಿಸಿದರು. ಮೊತ್ತವೊಂದೇ ಮಾನದಂಡವಾದರೆ ಡೇವಿಸ್ ಹೆಸರನ್ನು ಪಟ್ಟಿಯಿಂದ ಅಳಿಸಿಬಿಡಬಹುದು.

ಆದರೆ ಎಷ್ಟು ಬಾರಿ ಚೆಂಡು ಕೈಗೆ ಸಿಕ್ಕಿತು ಎಂದು ಕೇಳಿದರೆ ಚಿತ್ರ ಬೇರೆಯಾಗುತ್ತದೆ. ವಾಕರ್ ಚೆಂಡು ಹಿಡಿದು ಓಡಿದ್ದು 994 ಬಾರಿ. ಡೇವಿಸ್ ಕೇವಲ 360 ಬಾರಿ. ಪ್ರತಿ ಓಟದ ಸರಾಸರಿ ವಾಕರ್‌ಗೆ 5.3 ಗಜವಾದರೆ ಡೇವಿಸ್‌ಗೆ 6.6. ಅವರ 1960ರ ಋತುವಿನ ಸರಾಸರಿಯಂತೂ 7.8. ಆಟಗಾರರ ಬದಲಾವಣೆಗೆ ನಿರ್ಬಂಧವಿದ್ದ ಆ ಕಾಲದಲ್ಲಿ ದಾಳಿ ಮುಗಿಸಿದವನೇ ರಕ್ಷಣೆಗೂ ನಿಲ್ಲಬೇಕಿತ್ತು ಎಂಬುದನ್ನು ಮರೆಯುವಂತಿಲ್ಲ. ಕಾಟನ್ ಬೌಲ್‌ನಲ್ಲಿ ಎದುರಾಳಿಯ ಎಸೆತವನ್ನು ನಡುವೆಯೇ ಕಸಿದುಕೊಂಡದ್ದು ಕೂಡ ಇದೇ ಡೇವಿಸ್. ಹೆಚ್ಚು ಓಡಿದವರು ಅನೇಕರು, ಸಿಕ್ಕ ಪ್ರತಿ ಅವಕಾಶದಲ್ಲೂ ಇಷ್ಟು ದೂರ ಓಡಿದವರು ವಿರಳ. ಇಷ್ಟೂ ಸಾಧನೆ ಕಾಯಿಲೆಯ ಸುಳಿವು ಸಿಗುವುದಕ್ಕೆ ಮೊದಲಿನದು ಎಂಬುದನ್ನು ಮರುಕ ತೋರುವವರು ಗಮನಿಸಬೇಕು.

1961ರಲ್ಲಿ ಕಾಲೇಜು ಫುಟ್‌ಬಾಲ್‌ನ ಪರಮೋಚ್ಚ ಗೌರವವಾದ ಹೈಸ್‌ಮನ್ ಟ್ರೋಫಿ ಡೇವಿಸ್ ಅವರನ್ನು ಅರಸಿ ಬಂತು. 1935ರಿಂದ ನೀಡಲಾಗುತ್ತಿದ್ದ ಈ ಟ್ರೋಫಿಯನ್ನು ಪಡೆದ ಮೊದಲ ಕಪ್ಪುವರ್ಣೀಯ ಅವರು. ಗೆಲುವೇನೂ ಸುಲಭದ್ದಾಗಿರಲಿಲ್ಲ. ಮತಗಳ ಲೆಕ್ಕದಲ್ಲಿ ಡೇವಿಸ್‌ಗೆ 824 ಅಂಕ, ಓಹಿಯೊ ಸ್ಟೇಟ್‌ನ ಬಾಬ್ ಫರ್ಗುಸನ್‌ಗೆ 771. ಟ್ರೋಫಿ ಸ್ವೀಕರಿಸಲು ನ್ಯೂಯಾರ್ಕ್‌ಗೆ ಬಂದಿದ್ದ ಡೇವಿಸ್ ಅವರನ್ನು, ಅದೇ ದಿನ ಆ ನಗರದಲ್ಲಿದ್ದ ಅಧ್ಯಕ್ಷ ಜಾನ್ ಕೆನಡಿ ಕರೆಸಿಕೊಂಡು ಅಭಿನಂದಿಸಿದರು.

ವೃತ್ತಿಪರ ಲೀಗ್‌ನ ಆಯ್ಕೆಯಲ್ಲೂ ಮೊದಲ ಹೆಸರು ಅವರದೇ. ಆರಿಸಿದ್ದು ವಾಷಿಂಗ್ಟನ್ ತಂಡ ಎಂಬುದು ವಿಪರ್ಯಾಸ. ಲೀಗ್‌ನಲ್ಲಿ ಒಬ್ಬನೇ ಒಬ್ಬ ಕಪ್ಪುವರ್ಣೀಯ ಆಟಗಾರನಿಲ್ಲದೆ ಉಳಿದಿದ್ದ ಕೊನೆಯ ತಂಡ ಅದು. ಅದರ ಹೊಸ ಕ್ರೀಡಾಂಗಣ ಇದ್ದದ್ದು ಕೇಂದ್ರ ಸರ್ಕಾರದ ಜಮೀನಿನಲ್ಲಿ. ಭೇದ ಬಿಡದಿದ್ದರೆ ಕ್ರೀಡಾಂಗಣವಿಲ್ಲ ಎಂದು ಆಂತರಿಕ ಖಾತೆಯ ಕಾರ್ಯದರ್ಶಿ ಸ್ಟುವರ್ಟ್ ಯೂಡಾಲ್ ಪಟ್ಟು ಹಿಡಿದಿದ್ದರು. ಮಾಲೀಕ ಜಾರ್ಜ್ ಪ್ರೆಸ್ಟನ್ ಮಾರ್ಷಲ್ ಮಣಿದರು. ಬಳಿಕ ಡೇವಿಸ್ ಅವರನ್ನು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡಕ್ಕೆ ಬಿಟ್ಟುಕೊಟ್ಟು, ಬದಲಿಗೆ ಬಾಬಿ ಮಿಚೆಲ್ ಅವರನ್ನು ಪಡೆದರು. ವಾಷಿಂಗ್ಟನ್‌ನ ಗೋಡೆ ಒಡೆಯಲು ನೆಪವಾದವರು ಆ ತಂಡಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ.

ಕ್ಲೀವ್‌ಲ್ಯಾಂಡ್‌ಗೂ ಆಡಲಿಲ್ಲ. ಜಿಮ್ ಬ್ರೌನ್ ಮತ್ತು ಡೇವಿಸ್ ಜೋಡಿಯನ್ನು ನಗರ ಎದುರು ನೋಡುತ್ತಿದ್ದಾಗಲೇ, 1962ರ ಬೇಸಿಗೆಯಲ್ಲಿ ಷಿಕಾಗೋದ ಪ್ರದರ್ಶನ ಪಂದ್ಯವೊಂದಕ್ಕೆ ಸಿದ್ಧರಾಗುತ್ತಿದ್ದ ಅವರು ಅಸ್ವಸ್ಥರಾದರು. ವೈದ್ಯರು ಪತ್ತೆಹಚ್ಚಿದ್ದು ಲ್ಯುಕೇಮಿಯಾ. ರೋಗ ಕೆಲಕಾಲ ಹಿಂದೆ ಸರಿದಾಗ ಅವರನ್ನು ಆಡಿಸಬೇಕೆಂದು ಮಾಲೀಕ ಆರ್ಟ್ ಮೊಡೆಲ್, ಕೂಡದೆಂದು ತರಬೇತುದಾರ ಪಾಲ್ ಬ್ರೌನ್. ಇಬ್ಬರ ನಡುವಿನ ಬಿರುಕು ಇದರಿಂದ ಹಿರಿದಾಯಿತು. 1963ರ ಮಾರ್ಚ್‌ನಲ್ಲಿ ಸ್ಯಾಟರ್ಡೇ ಈವನಿಂಗ್ ಪೋಸ್ಟ್ ಪತ್ರಿಕೆಗೆ ಬರೆದ ಲೇಖನದಲ್ಲಿ ಡೇವಿಸ್ ತಾವು ದುರದೃಷ್ಟವಂತರಲ್ಲವೆಂದೇ ಹೇಳಿಕೊಂಡಿದ್ದರು. ಎರಡು ತಿಂಗಳ ನಂತರ, ಮೇ 18ರಂದು ಕ್ಲೀವ್‌ಲ್ಯಾಂಡ್‌ನ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಎಲ್ಮೈರಾದ ವುಡ್‌ಲಾನ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಸಾಹಿತಿ ಮಾರ್ಕ್ ಟ್ವೇನ್ ಮಲಗಿರುವುದೂ ಅಲ್ಲಿಯೇ.

ಸಾವಿಗೆ ಕೆಲವು ತಿಂಗಳ ಹಿಂದೆ ಡೇವಿಸ್ ಶಾಲಾ ಹುಡುಗನೊಬ್ಬನನ್ನು ಭೇಟಿಯಾಗಿ ಸಿರಾಕ್ಯೂಸ್‌ಗೆ ಬರುವಂತೆ ಕೇಳಿದ್ದರು. ಆ ಹುಡುಗ ಫ್ಲಾಯ್ಡ್ ಲಿಟಲ್ ಸಿರಾಕ್ಯೂಸ್ ಸೇರಿ, ಅದೇ 44ನೇ ಸಂಖ್ಯೆ ತೊಟ್ಟು, ಡೇವಿಸ್ ಅವರ ಒಟ್ಟು ಗಜಗಳ ದಾಖಲೆಯನ್ನು ಮುರಿದ. ಡೇವಿಸ್ ಅವರನ್ನು ಕಾಲೇಜು ಫುಟ್‌ಬಾಲ್ ಕೀರ್ತಿಮಂದಿರಕ್ಕೆ ಸೇರಿಸಿಕೊಂಡದ್ದು 1979ರಲ್ಲಿ. 44ಕ್ಕೆ 2005ರಲ್ಲಿ ಸಿರಾಕ್ಯೂಸ್ ನಿವೃತ್ತಿ ಘೋಷಿಸಿತು. ಕ್ಲೀವ್‌ಲ್ಯಾಂಡ್ ತಂಡ ಅದಕ್ಕೆ ಬಹಳ ಮೊದಲೇ, ಯಾವ ಪಂದ್ಯದಲ್ಲೂ ಡೇವಿಸ್ ತೊಟ್ಟು ಆಡದ 45ನೇ ಸಂಖ್ಯೆಯ ಅಂಗಿಯನ್ನು ಅವರ ಹೆಸರಿನಲ್ಲಿ ಎತ್ತಿಟ್ಟಿತ್ತು.