ಸಹನೆಯ ಪರ್ವತ: ಇಮಾಮ್ ಅಹ್ಮದ್ ಬಿನ್ ಹಂಬಲ್(ರ)



ಅಲ್ಲಾಹನೊಡನೆ ಕೈಯೆತ್ತಿ ಬೇಡಿದ್ದು ಕೂಡಲೇ ಕೈಗೂಡದಿದ್ದಾಗ ನಿಮ್ಮ ಮನಸ್ಸು ಏನೆನ್ನುತ್ತದೆ? ಮಗಳಿಗೆ ಸಂಬಂಧ ಕೂಡಿಬಂದಿಲ್ಲ, ಮಗನಿಗೆ ಕೆಲಸ ಸಿಕ್ಕಿಲ್ಲ, ಹಾಸಿಗೆ ಹಿಡಿದವರು ಎದ್ದಿಲ್ಲ, ಆಸ್ತಿಯ ದಾವೆ ಮುಗಿದಿಲ್ಲ. ಮೊದಮೊದಲು ಸಹನೆ ಇರುತ್ತದೆ. ವರ್ಷಗಳು ಕಳೆದಂತೆ ಶೈತಾನನು ಕಿವಿಯಲ್ಲಿ ಉಸುರತೊಡಗುತ್ತಾನೆ. ಒಂದಿಷ್ಟು ವರದಕ್ಷಿಣೆ ಒಪ್ಪಿಕೊಂಡರೆ, ಒಂದಿಷ್ಟು ಲಂಚ ಕೊಟ್ಟರೆ, ಒಂದು ಸುಳ್ಳು ಸಾಕ್ಷಿ ಹೇಳಿಸಿದರೆ ಈ ಕಾಯುವಿಕೆ ಇಂದೇ ಮುಗಿಯುತ್ತದಲ್ಲ ಎಂದು ಆಸೆ ತೋರಿಸುತ್ತಾನೆ. ಅಂಥ ಗಳಿಗೆಯಲ್ಲಿ ನೀವು ನೆನಪಿಸಿಕೊಳ್ಳಬೇಕಾದ ಒಂದು ಬದುಕಿದೆ. ಒಂದೇ ಒಂದು ಮಾತಿನಿಂದ ತನ್ನ ಕಷ್ಟವನ್ನು ಕೊನೆಗೊಳಿಸಿಕೊಳ್ಳಬಹುದಾಗಿದ್ದರೂ ಆ ಮಾತನ್ನಾಡದೆ ಸುಮಾರು 15 ವರ್ಷ ಕಾದ ಇಮಾಮ್ ಅಹ್ಮದ್ ಬಿನ್ ಹಂಬಲ್(ರ)ರ ಬದುಕು ಅದು.

ಅವರು ಹುಟ್ಟಿದ್ದು ಹಿಜರಿ 164ರಲ್ಲಿ, ಅಂದರೆ ಕ್ರಿ.ಶ. 780ರಲ್ಲಿ, ಬಗ್ದಾದ್ ನಗರದಲ್ಲಿ. ತಂದೆ ಚಿಕ್ಕ ಪ್ರಾಯದಲ್ಲೇ ತೀರಿಕೊಂಡರು. ಅನಾಥ ಮಗುವನ್ನು ಸಾಕಿ ಬೆಳೆಸಿದ್ದು ತಾಯಿ. ಬಾಲಕ ಅಹ್ಮದ್‌ಗೆ ವಿದ್ಯೆಯ ಹಸಿವು ಎಷ್ಟಿತ್ತೆಂದರೆ, ಕತ್ತಲಿರುವಾಗಲೇ ಹದೀಸ್ ಪಾಠಕ್ಕೆ ಹೊರಟು ನಿಲ್ಲುತ್ತಿದ್ದರು. ತಾಯಿ ಅವರ ಬಟ್ಟೆ ಹಿಡಿದು, ಫಜ್ರ್ ಬಾಂಗ್ ಆಗುವವರೆಗೆ ನಿಲ್ಲಿಸಿಕೊಳ್ಳುತ್ತಿದ್ದರು. ಕಾಯುವುದರ ಮೊದಲ ಪಾಠ ಅವರಿಗೆ ಸಿಕ್ಕಿದ್ದು ಆ ಹೊಸ್ತಿಲಲ್ಲೇ ಎನ್ನಬಹುದು.

ಯೌವನದಲ್ಲಿ ಅವರು ಹದೀಸ್ ಅರಸಿ ಕೂಫಾ, ಬಸ್ರಾ, ಮಕ್ಕಾ, ಮದೀನಾಗಳನ್ನು ಸುತ್ತಿದರು. ಇಮಾಮ್ ಶಾಫಿಈ(ರ)ರ ಶಿಷ್ಯರಾದರು. ಐದು ಸಲ ಹಜ್ಜ್ ನಿರ್ವಹಿಸಿದರು, ಅದರಲ್ಲಿ ಮೂರು ಸಲ ಕಾಲ್ನಡಿಗೆಯಲ್ಲಿ. ಯಮನ್‌ನ ವಿದ್ವಾಂಸರಾದ ಅಬ್ದುರ್‍ರಝ್ಝಾಕ್‌ರ ಬಳಿಗೆ ಹೋಗುವಾಗ ದಾರಿಖರ್ಚಿಗೆ ಹಣ ಮುಗಿಯಿತು. ಸಹಾಯ ನೀಡಲು ಬಂದವರಿದ್ದರು. ಆದರೆ ಅವರು ಒಂಟೆಯವರ ಜೊತೆ ಕೂಲಿ ಮಾಡಿ ದಾರಿ ಸಾಗಿಸಿದರು. ನೋಡಿ, ಬಿರುಗಾಳಿ ಎದ್ದ ಮೇಲೆ ಯಾರೂ ಬೇರು ಬಿಡಲಾರರು. ಅವರ ಬೇರು ಆ ಹಸಿವಿನ ದಿನಗಳಲ್ಲೇ ಆಳಕ್ಕಿಳಿದಿತ್ತು.

ಬಿರುಗಾಳಿ ಎದ್ದದ್ದು ಕ್ರಿ.ಶ. 833ರಲ್ಲಿ. ಪವಿತ್ರ ಕುರ್‌ಆನ್ ಅಲ್ಲಾಹನ ವಚನವೆಂದು, ಅದು ಸೃಷ್ಟಿಯಲ್ಲವೆಂದು ಪೂರ್ವಿಕ ವಿದ್ವಾಂಸರ ದಾರಿಯಲ್ಲಿದ್ದವರು ನಂಬಿದ್ದರು. ಮುಅ್‌ತಝಿಲಾ ಪಂಥದ ವಾದಕ್ಕೆ ಮನಸೋತ ಖಲೀಫ ಮಅ್‌ಮೂನ್, ಕುರ್‌ಆನ್ ಸೃಷ್ಟಿಯೆಂದು ಎಲ್ಲ ವಿದ್ವಾಂಸರೂ ಒಪ್ಪಬೇಕೆಂದು ಆಜ್ಞೆ ಹೊರಡಿಸಿದ. ಬಗ್ದಾದ್‌ನಲ್ಲಿ ವಿಚಾರಣೆ ನಡೆಯಿತು. ಪ್ರಾಣಭಯದಿಂದ ಹೆಚ್ಚಿನವರು ಬಾಯಿಮಾತಿಗೆ ಒಪ್ಪಿದರು. ಕೊನೆಗೆ ಉಳಿದವರು ಇಬ್ಬರೇ: ಇಮಾಮ್ ಅಹ್ಮದ್ ಮತ್ತು ಮುಹಮ್ಮದ್ ಬಿನ್ ನೂಹ್ ಎಂಬ ಯುವಕ. ಇಬ್ಬರಿಗೂ ಸಂಕೋಲೆ ತೊಡಿಸಿ, ತರ್ಸೂಸ್ ಕಡೆಗೆ ಖಲೀಫನ ಬಳಿಗೆ ಕಳುಹಿಸಲಾಯಿತು.

ಮಅ್‌ಮೂನ್‌ನ ಮುಖ ಕಾಣದಂತೆ ಮಾಡೆಂದು ಇಮಾಮರು ದಾರಿಯಲ್ಲಿ ಅಲ್ಲಾಹನೊಡನೆ ಬೇಡಿಕೊಂಡರು. ಅವರು ತಲುಪುವ ಮುನ್ನವೇ ಖಲೀಫನ ಮರಣವಾರ್ತೆ ಬಂತು. ಪ್ರಾರ್ಥನೆ ಸ್ವೀಕಾರವಾಯಿತು, ಇನ್ನು ಬಿಡುಗಡೆ ಎಂದು ನೀವೆಂದುಕೊಳ್ಳಬಹುದು. ಹಾಗಾಗಲಿಲ್ಲ. ಅದೇ ಸಂಕೋಲೆಯಲ್ಲಿ ಅವರನ್ನು ಹಿಂದಕ್ಕೆ ಕರೆತರಲಾಯಿತು. ದಾರಿಯಲ್ಲಿ ಮುಹಮ್ಮದ್ ಬಿನ್ ನೂಹ್ ಕಾಯಿಲೆ ಬಿದ್ದು ಪ್ರಾಣಬಿಟ್ಟರು. ಆ ಗೆಳೆಯನ ಜನಾಝ ನಮಾಝ್ ನಿರ್ವಹಿಸಿ, ಇಮಾಮರು ಒಬ್ಬಂಟಿಯಾಗಿ ಬಗ್ದಾದ್‌ನ ಕಾರಾಗೃಹ ಸೇರಿದರು. ಒಂದು ದುಆ ಫಲಿಸಿದ ಮಾತ್ರಕ್ಕೆ ಪರೀಕ್ಷೆ ಮುಗಿಯಬೇಕೆಂದಿಲ್ಲ. ನಾವು ಹೆಚ್ಚಾಗಿ ಸೋಲುವುದು ಈ ತಿರುವಿನಲ್ಲೇ ಅಲ್ಲವೇ?

ಹೊಸ ಖಲೀಫ ಮುಅ್‌ತಸಿಮ್‌ನ ಕಾಲದಲ್ಲಿ ಸೆರೆವಾಸ ಮುಂದುವರಿಯಿತು. ಒಟ್ಟು ಸುಮಾರು 28 ತಿಂಗಳು. ಕಾಲಲ್ಲಿ ಬೇಡಿ ಇದ್ದಂತೆಯೇ ಅವರು ಸಹಕೈದಿಗಳಿಗೆ ಇಮಾಮರಾಗಿ ನಮಾಝ್ ಮಾಡಿಸುತ್ತಿದ್ದರು. ಕೊನೆಗೆ ಖಲೀಫನೆದುರೇ ಚಾವಟಿಯೇಟು ಬಿತ್ತು. ಪ್ರಜ್ಞೆ ತಪ್ಪುವವರೆಗೂ ಹೊಡೆದರು. ಒಪ್ಪಿಕೊಂಡು ಜೀವ ಉಳಿಸಿಕೊಳ್ಳಿರೆಂದು ಅಂಗಲಾಚಿದ ಶಿಷ್ಯನಿಗೆ ಅವರು ಹೊರಗೆ ನೋಡಿ ಬರಲು ಹೇಳಿದರೆಂದು ಚರಿತ್ರೆಯಲ್ಲಿದೆ. ಹೊರಗೆ ಜನರು ಕಾಗದ, ಲೇಖನಿ ಹಿಡಿದು, ಇಮಾಮರು ಏನೆನ್ನುತ್ತಾರೋ ಅದನ್ನು ಬರೆದುಕೊಳ್ಳಲು ಕಾಯುತ್ತಿದ್ದರು. ತನ್ನ ಒಂದು ಸುಳ್ಳು ಅಷ್ಟೂ ಮನೆಗಳ ಧರ್ಮವಾಗಿಬಿಡುತ್ತದೆಂದು ಅವರಿಗೆ ತಿಳಿದಿತ್ತು. ತಂದೆತಾಯಿಯರೇ, ನಿಮ್ಮ ಮನೆಯಲ್ಲೂ ನಿಮ್ಮ ನಡೆಯನ್ನು ನೋಡಿ ಬರೆದುಕೊಳ್ಳುವ ಪುಟ್ಟ ಲೇಖನಿಗಳಿವೆ.

ಆ ದಿನಗಳಲ್ಲಿ ಅವರಿಗೆ ಧೈರ್ಯ ಹೇಳಿದವರಲ್ಲಿ ಅಬುಲ್ ಹೈಸಮ್ ಎಂಬ ಕಳ್ಳನೂ ಒಬ್ಬ. ಲೋಕದ ಆಸೆಗಾಗಿ ತಾನು ಸಾವಿರಾರು ಏಟು ತಿಂದರೂ ಕಳ್ಳತನ ಬಿಡಲಿಲ್ಲ, ಸತ್ಯಕ್ಕಾಗಿ ತಿನ್ನುವ ಏಟಿಗೆ ಅಂಜಬಾರದೆಂದು ಅವನು ನೆನಪಿಸಿದ. ಇಮಾಮರು ಬದುಕಿರುವವರೆಗೂ ಅವನಿಗಾಗಿ ದುಆ ಮಾಡುತ್ತಿದ್ದರು. ಅಲ್ಲಾಹನ ಸಹಾಯ ಯಾರ ಬಾಯಿಂದ ಬರುವುದೆಂದು ಮೊದಲೇ ಹೇಳಬಲ್ಲವರು ಯಾರು?

ಏಟಿನ ಬಳಿಕ ಬಿಡುಗಡೆಯಾಯಿತು. ಗಾಯ ಮಾಗಿದಾಗ ಅವರು ಪುನಃ ಪಾಠಕ್ಕೆ ಕುಳಿತರು. ತನ್ನನ್ನು ಹೊಡೆಸಿದ ಮುಅ್‌ತಸಿಮ್‌ನನ್ನು ಕ್ಷಮಿಸಿದರು. ಕ್ರಿ.ಶ. 842ರಲ್ಲಿ ವಾಸಿಕ್ ಖಲೀಫನಾದಾಗ ಮತ್ತೆ ಕತ್ತಲು ಕವಿಯಿತು. ಅವರು ಜನರೊಡನೆ ಸೇರುವಂತಿರಲಿಲ್ಲ. ಸಾವಿರಾರು ಮಂದಿಗೆ ಪಾಠ ಹೇಳಿದ ವಿದ್ವಾಂಸರು ವರ್ಷಗಟ್ಟಲೆ ಮರೆಯಲ್ಲಿ ಬದುಕಿದರು. ಬಗ್ದಾದ್‌ನ ಕೆಲವು ವಿದ್ವಾಂಸರು ದಂಗೆಯ ವಿಚಾರದೊಂದಿಗೆ ಬಂದಾಗ, ಮುಸ್ಲಿಮರ ರಕ್ತ ಹರಿಯುವುದು ಬೇಡವೆಂದು ತಡೆದು, ಸಹನೆಯನ್ನೇ ಬೋಧಿಸಿದರು. ಸತ್ಯವನ್ನು ಬಿಟ್ಟು ಬೇಗ ಪಾರಾಗುವ ದಾರಿಯನ್ನು ಹಿಡಿಯಲಿಲ್ಲ, ರೋಷದಿಂದ ಬೇಗ ಗೆಲ್ಲುವ ದಾರಿಯನ್ನೂ ಹಿಡಿಯಲಿಲ್ಲ.

ಕ್ರಿ.ಶ. 847ರಲ್ಲಿ ಮುತವಕ್ಕಿಲ್ ಅಧಿಕಾರಕ್ಕೆ ಬಂದ. ಕ್ರಮೇಣ ಆ ಬಲವಂತದ ವಿಚಾರಣೆಗಳು ನಿಂತವು. ಈಗ ಅರಮನೆಯಿಂದ ಬಂದದ್ದು ಚಾವಟಿಯಲ್ಲ, ಹಣದ ಚೀಲಗಳು. ಇಮಾಮರಿಗೆ ಇದು ಮೊದಲಿನದಕ್ಕಿಂತ ಕಠಿಣ ಪರೀಕ್ಷೆಯಾಗಿ ಕಂಡಿತು. ಬಂದ ಹಣವನ್ನು ಬಡವರಿಗೆ ಹಂಚಿಸಿದರು. ಮಕ್ಕಳು ಅರಮನೆಯ ವೇತನ ಪಡೆದಾಗ ನೊಂದುಕೊಂಡು, ಅವರ ಮನೆಯ ಅನ್ನವನ್ನೇ ದೂರವಿಟ್ಟರು. ಹಿಜರಿ 241ರಲ್ಲಿ, ಕ್ರಿ.ಶ. 855ರಲ್ಲಿ, ಬಗ್ದಾದ್‌ನಲ್ಲೇ ನಿಧನರಾದಾಗ ಜನಾಝಕ್ಕೆ ಜನಸಾಗರವೇ ಸೇರಿತು. 27 ಸಾವಿರಕ್ಕೂ ಹೆಚ್ಚು ಹದೀಸ್‌ಗಳಿರುವ ಅವರ ಮುಸ್ನದ್ ಗ್ರಂಥ ಇಂದಿಗೂ ಉಮ್ಮತ್ತಿನ ಸೊತ್ತಾಗಿದೆ.

ಸಹೋದರ ಸಹೋದರಿಯರೇ, ತವಕ್ಕುಲ್ ಎಂದರೆ ಕೈಕಟ್ಟಿ ಕೂರುವುದಲ್ಲ. ಇಮಾಮರು ಕಾದ ಅಷ್ಟೂ ವರ್ಷ ಆಯಾ ದಿನದ ಕರ್ತವ್ಯವನ್ನು ಆಯಾ ದಿನ ಮಾಡಿದರು. ಸೆರೆಮನೆಯಲ್ಲಿ ನಮಾಝ್ ಮಾಡಿಸಿದರು, ಬಿಡುಗಡೆಯಾದಾಗ ಪಾಠ ಹೇಳಿದರು, ಐಶ್ವರ್ಯ ಬಂದಾಗ ದೂರ ಸರಿದರು. ಬಿಡುಗಡೆಯ ದಿನವನ್ನು ಅಲ್ಲಾಹನಿಗೆ ಬಿಟ್ಟುಕೊಟ್ಟರು. ನಿಮ್ಮ ಕಾಯುವಿಕೆ ಎಷ್ಟು ದಿನದ್ದೆಂದು ನಿಮಗೆ ತಿಳಿಯದು. ಆದರೆ ಈ ಹೊತ್ತಿನ ನಮಾಝ್, ಇಂದಿನ ದುಡಿಮೆ, ನಾಲಗೆಯ ಸತ್ಯ ಇವು ನಿಮ್ಮ ಕೈಯಲ್ಲಿವೆ. ಅವನ್ನು ಬಿಡದೆ ಹಿಡಿದುಕೊಳ್ಳಿ. ಅಲ್ಲಾಹನು ನಮ್ಮೆಲ್ಲರನ್ನೂ ಸಹನಶೀಲರ ಸಾಲಿಗೆ ಸೇರಿಸಲಿ. ಆಮೀನ್.