ನಂಜನಗೂಡು ತಿರುಮಲಾಂಬ

ನಂಜನಗೂಡು ತಿರುಮಲಾಂಬ (25 ಮಾರ್ಚ್ 1887 – 31 ಆಗಸ್ಟ್ 1982) ಹೊಸಗನ್ನಡದ ಆರಂಭಕಾಲದ ಕಾದಂಬರಿಕಾರ್ತಿ, ಪ್ರಕಾಶಕಿ ಹಾಗೂ ಪತ್ರಿಕಾ ಸಂಪಾದಕಿ. ಕನ್ನಡದಲ್ಲಿ ಸ್ವಂತ ಪ್ರಕಾಶನ ಸಂಸ್ಥೆಯನ್ನು ನಡೆಸಿದ ಮೊದಲ ಮಹಿಳೆ ಎಂದು ಅವರನ್ನು ಗುರುತಿಸಲಾಗಿದೆ. 1913ರಲ್ಲಿ ಅವರು ಆರಂಭಿಸಿದ ‘ಸತೀ ಹಿತೈಷಿಣೀ ಗ್ರಂಥಮಾಲೆ’ ಹಾಗೂ ಅದರ ಹಿಂದೆಯೇ ಹೊರಟ ‘ಕರ್ನಾಟಕ ನಂದಿನಿ’ ಮಾಸಪತ್ರಿಕೆ ಮಹಿಳೆಯರನ್ನೇ ಓದುಗರೆಂದು ಭಾವಿಸಿ ರೂಪುಗೊಂಡವು. ಬಾಲವಿಧವೆಯಾಗಿ ತಂದೆಯ ಮನೆಯಲ್ಲಿ ಉಳಿದಿದ್ದ ಅವರು ಬರವಣಿಗೆ, ಪುಸ್ತಕ ವ್ಯವಹಾರ, ಪಾಠ ಮತ್ತು ಗೃಹಕೃತ್ಯಗಳನ್ನು ಒಂದೇ ಮನೆಯಲ್ಲಿದ್ದುಕೊಂಡು ನಿರ್ವಹಿಸಿದರು.

ಬಾಲ್ಯ ಮತ್ತು ವೈಧವ್ಯ

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಡೆಯಿಂದ ಹರಿದುಬರುವ ಕಪಿಲಾ ನದಿಯ ದಂಡೆಯಲ್ಲಿರುವ ನಂಜನಗೂಡು ಶ್ರೀಕಂಠೇಶ್ವರ ಕ್ಷೇತ್ರವೆಂದು ಪ್ರಸಿದ್ಧವಾದ ಊರು. ತಿರುಮಲಾಂಬ ಅವರು ಹುಟ್ಟಿದ್ದು ಇಲ್ಲಿಯ ಶ್ರೀವೈಷ್ಣವ ಕುಟುಂಬವೊಂದರಲ್ಲಿ. ತಂದೆ ವೆಂಕಟಕೃಷ್ಣ ಅಯ್ಯಂಗಾರ್ ವಕೀಲರು; ತಾಯಿ ಅಲಮೇಲಮ್ಮ.

ಹತ್ತನೆಯ ವಯಸ್ಸಿನಲ್ಲಿ ಅವರ ವಿವಾಹವಾಯಿತು. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿಯೇ ಬಾಲ್ಯವಿವಾಹ ಪ್ರತಿಬಂಧಕ ಕಾನೂನು ಜಾರಿಗೆ ಬಂದಿದ್ದಿತು. ಆದರೆ ಅದು ಮುಖ್ಯವಾಗಿ ನಿಷೇಧಿಸಿದ್ದು ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು. ಅಂದಿನ ಭಾರತದಲ್ಲಿ ಮುಂದುವರಿದ ಕಾನೂನೆಂದು ಹೆಸರಾದ ಈ ಶಾಸನದ ಲೆಕ್ಕದಲ್ಲಿ ಹತ್ತು ವರ್ಷದ ವಧು ವಿವಾಹಕ್ಕೆ ಯೋಗ್ಯಳೇ ಆಗಿದ್ದಳು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. 1898ರಲ್ಲಿ ಸಂಸ್ಥಾನವನ್ನು ಹೊಕ್ಕ ಪ್ಲೇಗ್ ಮಾರಿ ಹಲವು ವರ್ಷ ಮತ್ತೆ ಮತ್ತೆ ಮರುಕಳಿಸಿತು. ತಿರುಮಲಾಂಬ ಅವರ ಪತಿ ಅದೇ ರೋಗಕ್ಕೆ ಬಲಿಯಾದರು. ಆಗ ಅವರಿಗೆ ಹದಿನಾಲ್ಕು ವರ್ಷ.

ಆ ಕಾಲದ ಬ್ರಾಹ್ಮಣ ಕುಟುಂಬಗಳಲ್ಲಿ ವಿಧವೆಯ ದಿನಚರಿ ವ್ರತ, ಉಪವಾಸ, ಅಡುಗೆಮನೆಯ ಕೆಲಸ ಮತ್ತು ಬಂಧುಗಳ ಮಕ್ಕಳ ಪಾಲನೆಗೆ ಸೀಮಿತವಾಗಿರುತ್ತಿತ್ತು. ಶುಭಕಾರ್ಯಗಳಿಗೆ ಅವಳು ಸಲ್ಲುತ್ತಿರಲಿಲ್ಲ. ಪುನರ್ವಿವಾಹದ ಮಾತನ್ನೆತ್ತಿದ ಕುಟುಂಬಕ್ಕೆ ಬಹಿಷ್ಕಾರದ ಭಯವಿತ್ತು. ವೆಂಕಟಕೃಷ್ಣ ಅಯ್ಯಂಗಾರ್ಯರು ಈ ಕಟ್ಟುಪಾಡುಗಳನ್ನು ಬಹಿರಂಗವಾಗಿ ಮುರಿಯಲಿಲ್ಲ. ಆದರೆ ಮಗಳ ಕೈಗೆ ಪುಸ್ತಕಗಳನ್ನು ಕೊಟ್ಟರು. ಶಾಲೆಯ ಕಲಿಕೆ ವಿವಾಹದೊಂದಿಗೆ ನಿಂತುಹೋಗಿದ್ದರೂ ಮನೆಯಲ್ಲಿ ಓದು ಮುಂದುವರಿಯಿತು. ಕನ್ನಡದ ಜೊತೆಗೆ ತಮಿಳು, ತೆಲುಗು ಮತ್ತು ಸಂಸ್ಕೃತಗಳ ಪರಿಚಯ ಅವರಿಗೆ ಲಭಿಸಿತು.

ತಿರುಮಲಾಂಬ ಅವರಿಗಿಂತ ಒಂದೇ ವರ್ಷ ಹಿರಿಯರಾದ, ಅವರಂತೆಯೇ ಬಾಲವಿಧವೆಯಾಗಿದ್ದ ಮದರಾಸಿನ ಸುಬ್ಬಲಕ್ಷ್ಮಿಯವರು ಕಾಲೇಜು ಸೇರಿ ಪದವಿ ಪಡೆದು, ಬಾಲವಿಧವೆಯರಿಗಾಗಿ ವಸತಿಗೃಹವನ್ನು ತೆರೆದರು. ನಂಜನಗೂಡಿನಂತಹ ಸಣ್ಣ ಊರಿನಲ್ಲಿ ಅಂತಹ ಹಾದಿ ತೆರೆದಿರಲಿಲ್ಲ. ತಿರುಮಲಾಂಬ ಅವರು ತಾವಿದ್ದ ಮನೆಯನ್ನೇ ಶಾಲೆಯನ್ನಾಗಿಯೂ ಪ್ರಕಾಶನಾಲಯವನ್ನಾಗಿಯೂ ಮಾಡಿಕೊಂಡರು. ಅಕ್ಕಪಕ್ಕದ ಹೆಣ್ಣುಮಕ್ಕಳಿಗೆ ಅವರು ಮನೆಯಲ್ಲಿಯೇ ಉಚಿತವಾಗಿ ಪಾಠ ಹೇಳುತ್ತಿದ್ದರು. ಈ ಪಾಠಶಾಲೆಗೆ ‘ಮಾತೃಮಂದಿರ’ವೆಂದು ಹೆಸರಾಯಿತು.

ಸತೀ ಹಿತೈಷಿಣೀ ಗ್ರಂಥಮಾಲೆ

1913ರಲ್ಲಿ, ತಮ್ಮ ಇಪ್ಪತ್ತಾರನೆಯ ವಯಸ್ಸಿನಲ್ಲಿ, ತಿರುಮಲಾಂಬ ಅವರು ಗ್ರಂಥಮಾಲೆಯನ್ನು ಆರಂಭಿಸಿದರು. ಅವರದೇ ಕಾದಂಬರಿ ‘ಸುಶೀಲೆ’ ಅದರ ಮೂಲಕ ಬೆಳಕಿಗೆ ಬಂದಿತು. ಈ ಕೃತಿ ನಾಲ್ಕು ಮುದ್ರಣಗಳನ್ನು ಕಂಡು ಸುಮಾರು 7000 ಪ್ರತಿಗಳು ಖರ್ಚಾದವು. ಅಕ್ಷರಸ್ಥ ಮಹಿಳೆಯರ ಸಂಖ್ಯೆ ತೀರ ಕಡಿಮೆಯಿದ್ದ ಕಾಲದಲ್ಲಿ ಇದು ಅಸಾಧಾರಣ ಸಂಗತಿ. ಇಂದಿಗೂ ಅನೇಕ ಕನ್ನಡ ಕಾದಂಬರಿಗಳು ಸಾವಿರ ಪ್ರತಿಗಳ ಮೊದಲ ಮುದ್ರಣವನ್ನು ದಾಟಲಾರವು.

ಗ್ರಂಥಮಾಲೆಯೆಂಬುದು ಅಂದಿನ ಕನ್ನಡ ನಾಡಿನಲ್ಲಿ ಪುಸ್ತಕ ಪ್ರಕಟಣೆಯ ರೂಢಿಯ ಕ್ರಮವಾಗಿತ್ತು. ಪುಸ್ತಕದಂಗಡಿಗಳು ದೊಡ್ಡ ಊರುಗಳಲ್ಲಿ ಮಾತ್ರವಿದ್ದುದರಿಂದ, ಪ್ರಕಾಶಕರು ಚಂದಾದಾರರನ್ನು ಕೂಡಿಸಿಕೊಂಡು ಪುಸ್ತಕ ಅಚ್ಚಾದಂತೆಲ್ಲ ಅಂಚೆಯ ಮೂಲಕ ಕಳುಹಿಸುತ್ತಿದ್ದರು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಂತಹ, ಇಂದಿಗೂ ರೈಲು ಮುಟ್ಟದ ತಾಲ್ಲೂಕುಗಳಲ್ಲಿ ಮನೆಯಿಂದ ಹೊರಗೆ ಹೋಗದ ಹೆಂಗಸಿನ ಕೈಗೆ ಕಾದಂಬರಿಯೊಂದು ತಲುಪಬೇಕಾದರೆ ಅದನ್ನು ಅಂಚೆಯಾಳು ತರಬೇಕಿತ್ತು, ಇಲ್ಲವೇ ಮೈಸೂರಿಗೆ ಹೋದ ಮನೆಯ ಗಂಡಸು ಕೊಂಡು ತರಬೇಕಿತ್ತು. ವಿ.ಪಿ. ಅಂಚೆಯಲ್ಲಿ ಕಳುಹಿಸಿದ ಪುಸ್ತಕಕ್ಕೆ ಓದುಗರು ಮನೆಬಾಗಿಲಲ್ಲಿಯೇ ಹಣ ತೆರಬಹುದಿತ್ತು. ಹಣ ಕೊಡದೆ ಹಿಂದಿರುಗಿಸಿದರೆ ಅಂಚೆವೆಚ್ಚದ ನಷ್ಟ ಪ್ರಕಾಶಕರದು.

ಧಾರವಾಡದ ಕಡೆಯ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ಹೊತ್ತು ಊರೂರು ಅಲೆದು ಮಾರಿದುದು ಕನ್ನಡ ಸಾಹಿತ್ಯ ಚರಿತ್ರೆಯ ಪ್ರಸಿದ್ಧ ಪ್ರಸಂಗ. ಅದನ್ನು ನಾವು ತ್ಯಾಗವೆಂದು ಪಾಠಗಳಲ್ಲಿ ಹೇಳುತ್ತೇವೆ, ಸರಿಯಾಗಿಯೇ ಹೇಳುತ್ತೇವೆ. ಆದರೆ ಹಾಗೆ ಅಲೆಯುವ ಸ್ವಾತಂತ್ರ್ಯವೂ ಒಂದು ಸೌಕರ್ಯವೇ ಆಗಿತ್ತು. ಇಪ್ಪತ್ತಾರರ ವಿಧವೆಯೊಬ್ಬಳಿಗೆ ಅಂದಿನ ಸಮಾಜದಲ್ಲಿ ಅದು ಸಾಧ್ಯವಿರಲಿಲ್ಲ. ಅವಳ ವ್ಯಾಪಾರವೆಲ್ಲ ಕಾಗದ, ಲೇಖನಿ ಮತ್ತು ಅಂಚೆಪೆಟ್ಟಿಗೆಯ ಮೂಲಕವೇ ಸಾಗಬೇಕಿತ್ತು. ಮೈಸೂರು ಸಂಸ್ಥಾನದಲ್ಲಿ ಹಿಂದೂ ಮಹಿಳೆಯರ ಆಸ್ತಿಹಕ್ಕುಗಳನ್ನು ವಿಸ್ತರಿಸಿದ ಕಾನೂನು ಬಂದದ್ದು 1933ರಲ್ಲಿ. ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಮಹಿಳೆಯೊಬ್ಬರು ಸ್ವಂತ ಹೊಣೆಯಲ್ಲಿ ಬಂಡವಾಳ ತೊಡಗಿಸುವ ಉದ್ಯಮಕ್ಕೆ ಇಳಿದಿದ್ದರು ಎಂಬುದು ಈ ಗ್ರಂಥಮಾಲೆಯ ಮಹತ್ವವನ್ನು ಹೆಚ್ಚಿಸುತ್ತದೆ. ತಂದೆಯ ಬೆಂಬಲ ಇದಕ್ಕೆ ಆಧಾರವಾಗಿತ್ತು.

ಗ್ರಂಥಮಾಲೆಯಿಂದ ನಲವತ್ತರಷ್ಟು ಪುಸ್ತಕಗಳು ಪ್ರಕಟವಾದವು. ಅವುಗಳಲ್ಲಿ ಬಹುಪಾಲು ತಿರುಮಲಾಂಬ ಅವರವೇ. ಇತರ ಲೇಖಕರ ಕೃತಿಗಳಿಗೂ ಅಲ್ಲಿ ಎಡೆಯಿತ್ತು. ಆರಂಭವಾದ ಮರುವರ್ಷವೇ ಯೂರೋಪಿನಲ್ಲಿ ಮಹಾಯುದ್ಧ ತೊಡಗಿ ಮುದ್ರಣ ಕಾಗದದ ಅಭಾವವೂ ಬೆಲೆಯೇರಿಕೆಯೂ ಭಾರತದ ಮುದ್ರಣಾಲಯಗಳನ್ನೆಲ್ಲ ಕಾಡಿದವು. ಅಂತಹ ವರ್ಷಗಳಲ್ಲಿಯೇ ಈ ಮಾಲೆ ಬೆಳೆಯಿತು.

ಕರ್ನಾಟಕ ನಂದಿನಿ

ಪುಸ್ತಕಗಳ ಜೊತೆಗೆ ಪತ್ರಿಕೆಯನ್ನೂ ಹೊರತರುವ ನಿರ್ಧಾರದಿಂದ ತಿರುಮಲಾಂಬ ಅವರ ಹೊಣೆ ಇಮ್ಮಡಿಯಾಯಿತು. ‘ಕರ್ನಾಟಕ ನಂದಿನಿ’ ಮಹಿಳೆಯೇ ಸಂಪಾದಿಸಿದ ಕನ್ನಡದ ಮೊದಲ ಮಹಿಳಾ ಪತ್ರಿಕೆಯೆಂದು ಪರಿಗಣಿತವಾಗಿದೆ. ಕಾದಂಬರಿಯನ್ನು ಬರೆಯುವವರು ತಡಮಾಡಬಹುದು. ಮಾಸಪತ್ರಿಕೆ ತಡವನ್ನು ಸಹಿಸುವುದಿಲ್ಲ. ಲೇಖನಗಳು ಸಾಲದಿದ್ದರೆ ಸಂಪಾದಕಿಯೇ ಬರೆಯಬೇಕು, ಕರಡು ತಿದ್ದಬೇಕು, ಚಂದಾ ಹಣದ ಲೆಕ್ಕವಿಡಬೇಕು, ಬಾಕಿದಾರರಿಗೆ ನೆನಪಿನೋಲೆ ಕಳುಹಿಸಬೇಕು. ಮಹಿಳಾ ಲೇಖಕಿಯರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಮೊದಲನೆಯ ಕೆಲಸವೇ ಅತ್ಯಂತ ಕಠಿಣವಾದುದು. ಪತ್ರಿಕೆ ಕೆಲವು ವರ್ಷ ನಡೆದು ನಿಂತಿತು. ಅನಂತರ ಅವರು ‘ಸನ್ಮಾರ್ಗದರ್ಶಿನಿ’ ಎಂಬ ಇನ್ನೊಂದು ಪತ್ರಿಕೆಯನ್ನೂ ನಡೆಸಿದರು. 1921ರಲ್ಲಿ ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು ಆರಂಭಿಸಿ ದಶಕಗಳ ಕಾಲ ನಡೆಸಿದ ‘ಸರಸ್ವತಿ’ ಮಾಸಪತ್ರಿಕೆಗೆ ಹಾದಿ ನಂಜನಗೂಡಿನಲ್ಲಿ ತೆರೆದಿತ್ತು.

ಕೃತಿಗಳು

‘ಸುಶೀಲೆ’, ‘ನಭಾ’, ‘ವಿದ್ಯುಲ್ಲತಾ’, ‘ವಿರಾಗಿಣಿ’, ‘ದಕ್ಷಕನ್ಯೆ’, ‘ಮಾತೃನಂದಿನಿ’, ‘ಮಣಿಮಾಲಾ’ ಅವರ ಮುಖ್ಯ ಕೃತಿಗಳಲ್ಲಿ ಸೇರುತ್ತವೆ. ಕಾದಂಬರಿಗಳಲ್ಲದೆ ನಾಟಕ, ಗೀತೆ, ಪ್ರಬಂಧಗಳನ್ನೂ ಅವರು ರಚಿಸಿದರು. ಬಂಗಾಳಿ ಮತ್ತು ಮರಾಠಿ ಕಾದಂಬರಿಗಳ ಅನುವಾದಗಳು ಕನ್ನಡ ಓದುಗರನ್ನು ಆಳುತ್ತಿದ್ದ ಕಾಲವದು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಪ್ರಕಟವಾಗಿ ಬಾಲವಿಧವೆಯ ಸಮಸ್ಯೆಯನ್ನು ಕಾದಂಬರಿಯ ವಸ್ತುವನ್ನಾಗಿ ಮಾಡಿದ್ದಿತು. ಅದನ್ನು ಬರೆದವರು ಪುರುಷರು. ಆ ಸ್ಥಿತಿಯನ್ನು ಸ್ವತಃ ಬಾಳಿದ ತಿರುಮಲಾಂಬ ಅವರು ಹೆಚ್ಚಾಗಿ ಚಿತ್ರಿಸಿದ್ದು ಪಾತಿವ್ರತ್ಯ, ಸಹನೆ, ಧರ್ಮನಿಷ್ಠೆಗಳಿಂದ ಗೆಲ್ಲುವ ನಾಯಕಿಯರನ್ನು. ಹೆಣ್ಣುಮಕ್ಕಳು ಓದಬೇಕು, ವಿವೇಕದಿಂದ ಸಂಸಾರ ನಡೆಸಬೇಕು ಎಂಬುದು ಅವರ ಬರಹಗಳ ಸ್ಥಾಯಿಯಾದ ಉಪದೇಶ.

ಈ ಕಾರಣದಿಂದ ಕೆಲವು ವಿಮರ್ಶಕರು ಅವರನ್ನು ಸಂಪ್ರದಾಯಶರಣೆ ಎಂದು ಕರೆದಿದ್ದಾರೆ. ಆದರೆ ಕಾದಂಬರಿಯನ್ನು ಕೊಂಡು ಮನೆಗೆ ತರುವ ಹಣ ಯಾರ ಕೈಯಲ್ಲಿತ್ತು ಎಂಬುದನ್ನೂ ಯೋಚಿಸಬೇಕು. ಮನೆಯ ಹಿರಿಯರು ಒಪ್ಪದ ಪುಸ್ತಕ ಒಳಮನೆಗೆ ಬರುವಂತಿರಲಿಲ್ಲ. ಮಾಲೆಯ ಹೆಸರಿನಲ್ಲಿಯೇ ‘ಸತೀ’ ಎಂಬ ಪದವಿದ್ದುದು ಲೇಖಕಿಯ ನಂಬಿಕೆಯೂ ಹೌದು, ಹಿರಿಯರಿಗೆ ಕೊಟ್ಟ ಭರವಸೆಯೂ ಹೌದು. ಪುಟಗಳೊಳಗಿನ ಆದರ್ಶ ಹಳೆಯದಾದರೂ ಅದನ್ನು ಬರೆದು, ಪ್ರಕಟಿಸಿ, ಮಾರಿದ ಕ್ರಿಯೆ ಹೊಸದಾಗಿತ್ತು.

ಮೌನ ಮತ್ತು ಕೊನೆಯ ವರ್ಷಗಳು

ಒಂದೆರಡು ದಶಕಗಳ ಬಿರುಸಿನ ಚಟುವಟಿಕೆಯ ನಂತರ ತಿರುಮಲಾಂಬ ಅವರ ಬರವಣಿಗೆ ವಿರಳವಾಗಿ ಕೊನೆಗೆ ನಿಂತಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಪ್ರತಿಕೂಲ ವಿಮರ್ಶೆಯಿಂದ ಅವರು ನೊಂದು ಹಿಂದೆ ಸರಿದರೆಂದು ಮಹಿಳಾ ಸಾಹಿತ್ಯದ ಇತಿಹಾಸಕಾರರು ಹೇಳುತ್ತ ಬಂದಿದ್ದಾರೆ. ಇದರಲ್ಲಿ ಸತ್ಯಾಂಶವಿದೆ, ಆದರೆ ಒಂದು ವಿಮರ್ಶೆಯೇ ಪೂರ್ಣ ಕಾರಣವೆನ್ನುವುದು ಅವರ ಶ್ರಮವನ್ನು ಕಿರಿದಾಗಿಸಿದಂತೆ. ನವೋದಯದ ಹೊಸ ಅಭಿರುಚಿ ನೀತಿಬೋಧೆಯ ಕಾದಂಬರಿಯನ್ನು ಹಳತಾಗಿಸಿತ್ತು. ಲೇಖಕಿ, ಸಂಪಾದಕಿ, ಪ್ರಕಾಶಕಿ, ಉಪಾಧ್ಯಾಯಿನಿ ಎಲ್ಲವೂ ಒಬ್ಬರೇ ಆಗಿದ್ದ ಉದ್ಯಮದಲ್ಲಿ ಆ ಒಬ್ಬರು ದಣಿದರೆ ಮುಂದುವರಿಸಲು ಎರಡನೆಯವರಿರಲಿಲ್ಲ. ಬರವಣಿಗೆ ಮತ್ತು ವ್ಯವಹಾರ ಒಂದರ ಮೇಲೊಂದು ನಿಂತಿದ್ದವು: ಬರೆದರೆ ಮಾಲೆಗೆ ಪುಸ್ತಕ, ಮಾಲೆ ನಡೆದರೆ ಬರಹಕ್ಕೆ ಓದುಗರು. ಒಂದು ಕುಸಿದಾಗ ಇನ್ನೊಂದು ಉಳಿಯಲಿಲ್ಲ.

ಇತಿಹಾಸಗ್ರಂಥಗಳು ಅವರನ್ನು ಬಹುಕಾಲ ಒಂದೆರಡು ವಾಕ್ಯಗಳಲ್ಲಿ ಮುಗಿಸಿದವು. ಅವರು ಬದುಕಿರುವರೆಂಬುದೇ ಸಾಹಿತ್ಯಲೋಕಕ್ಕೆ ಮರೆತುಹೋಗಿತ್ತು. ವೃದ್ಧಾಪ್ಯದಲ್ಲಿ ಚೆನ್ನೈನಲ್ಲಿದ್ದ ಅವರನ್ನು ಬೆಂಗಳೂರಿನ ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜಿನ ಪ್ರಾಂಶುಪಾಲೆ, ಲೇಖಕಿ ಚಿ.ನ. ಮಂಗಳಾ ಅವರು ಹುಡುಕಿ ಕಂಡು ಮತ್ತೆ ಕನ್ನಡಿಗರ ಗಮನಕ್ಕೆ ತಂದರು. ಅದೇ ಕಾಲೇಜಿನ ‘ಶಾಶ್ವತಿ’ ಮಹಿಳಾ ಅಧ್ಯಯನ ಕೇಂದ್ರದ ಮೂಲಕ ತಿರುಮಲಾಂಬ ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿ ನೀಡುವ ಪರಿಪಾಠ ಆರಂಭವಾಯಿತು. 1982ರ ಆಗಸ್ಟ್ 31ರಂದು, ತೊಂಬತ್ತೈದನೆಯ ವಯಸ್ಸಿನಲ್ಲಿ ಅವರು ನಿಧನರಾದರು.