ತಾತನ ಎತ್ತು, ಮಿಲ್ಲರ್‌ನ ಲೆಕ್ಕ

ಕುರುಗೋಡಿನಲ್ಲಿರುವ ನಮ್ಮ ತಾತ ಓದಿದ್ದು ಆರನೇ ಕ್ಲಾಸು ಮಾತ್ರ. ಯಾಕೆ ಬಿಟ್ಟೆ ಎಂದು ಹೋದ ರಜೆಯಲ್ಲಿ ಕೇಳಿದೆ. 1962ರ ಫೆಬ್ರುವರಿಯಲ್ಲಿ ಅಷ್ಟಗ್ರಹ ಕೂಟದಿಂದ ಪ್ರಪಂಚ ಮುಳುಗುತ್ತದೆ ಎಂಬ ಸುದ್ದಿ ದೇಶದ ತುಂಬ ಹಬ್ಬಿತ್ತಂತೆ. ಎಲ್ಲಿ ನೋಡಿದರೂ ಹೋಮ, ಭಜನೆ. ಮುತ್ತಾತ ಜೋಡೆತ್ತು ಮಾರಿ, ಬಂದ ದುಡ್ಡನ್ನೆಲ್ಲ ಹೋಮಕ್ಕೂ ಅನ್ನದಾನಕ್ಕೂ ಕೊಟ್ಟುಬಿಟ್ಟ. ಪ್ರಪಂಚ ಮುಳುಗಲಿಲ್ಲ. ಮುಂಗಾರು ಬಂತು, ಕೊಟ್ಟಿಗೆಯಲ್ಲಿ ಎತ್ತಿರಲಿಲ್ಲ. ಸಾಲ ತೀರಿಸಲು ತಾತ ಶಾಲೆ ಬಿಟ್ಟು ಕೂಲಿಗೆ ಹೋದ.

ನಾನು ಸಿರುಗುಪ್ಪದವನು, ಬಳ್ಳಾರಿಯಲ್ಲಿ ಬಿ.ಇ. ಓದುತ್ತಿದ್ದೇನೆ. ಹಾಸ್ಟೆಲ್‌ಗೆ ವಾಪಸ್ ಬಂದಮೇಲೆ, ಮುತ್ತಾತನ ಹಾಗೆ ನಂಬಿ ಕಳೆದುಕೊಂಡವರ ಬಗ್ಗೆ ಹುಡುಕಿ ಓದತೊಡಗಿದೆ. ಆಗ ಸಿಕ್ಕವನು ಅಮೆರಿಕದ ರೈತ ವಿಲಿಯಂ ಮಿಲ್ಲರ್.

ಮಿಲ್ಲರ್ ಹುಟ್ಟಿದ್ದು 1782ರಲ್ಲಿ, ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್‌ನಲ್ಲಿ. ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಲೋ ಹ್ಯಾಂಪ್ಟನ್ ಎಂಬ ಹಳ್ಳಿಯಲ್ಲಿ. ಶಾಲೆ ಹೆಚ್ಚು ಓದದಿದ್ದರೂ ಪುಸ್ತಕದ ಹುಳು. ಹರೆಯದಲ್ಲಿ ದೇವರು ಮನುಷ್ಯರ ವ್ಯವಹಾರಕ್ಕೆ ಕೈಹಾಕುವುದಿಲ್ಲ ಎಂದೇ ವಾದಿಸುತ್ತಿದ್ದ. 1814ರಲ್ಲಿ ಬ್ರಿಟಿಷರ ವಿರುದ್ಧ ಪ್ಲಾಟ್ಸ್‌ಬರ್ಗ್‌ನಲ್ಲಿ ನಡೆದ ಯುದ್ಧದಲ್ಲಿ ಆತನೂ ಇದ್ದ. ದೊಡ್ಡ ಸೇನೆಯನ್ನು ತಮ್ಮ ಸಣ್ಣ ಸೇನೆ ಹಿಮ್ಮೆಟ್ಟಿಸಿದ್ದು ಪವಾಡ ಎನಿಸಿತು. ಯುದ್ಧ ಮುಗಿಸಿ ಊರಿಗೆ ಬಂದವನು ಬೇಸಾಯ ಮಾಡುತ್ತಲೇ ಬೈಬಲ್ ಓದಲು ಕುಳಿತ.

ಆತನ ಲೆಕ್ಕ ಸರಳ. ದಾನಿಯೇಲನ ಗ್ರಂಥದಲ್ಲಿ 2,300 ದಿನಗಳ ಮಾತಿದೆ. ಒಂದು ದಿನವೆಂದರೆ ಒಂದು ವರ್ಷ ಎಂದುಕೊಂಡ. ಕ್ರಿಸ್ತಪೂರ್ವ 457ರಿಂದ ಎಣಿಸಿದಾಗ 1843 ಬಂತು. ಆ ಹೊತ್ತಿಗೆ ಕ್ರಿಸ್ತ ಮರಳಿ ಬರುತ್ತಾನೆ, ಈ ಲೋಕ ಕೊನೆಯಾಗುತ್ತದೆ ಎಂದು 1818ರಲ್ಲೇ ತೀರ್ಮಾನಿಸಿದ. ಆದರೂ ಕೂಡಲೇ ಡಂಗುರ ಸಾರಲಿಲ್ಲ. ಹದಿಮೂರು ವರ್ಷ ಲೆಕ್ಕವನ್ನು ಮತ್ತೆ ಮತ್ತೆ ನೋಡಿದ. ಮೊದಲ ಬಾರಿ ಸಾರ್ವಜನಿಕವಾಗಿ ಮಾತಾಡಿದ್ದು 1831ರಲ್ಲಿ, ಐವತ್ತರ ಹೊಸ್ತಿಲಲ್ಲಿ. ಮುಂದೆ ಬಾಸ್ಟನ್‌ನ ಪಾದ್ರಿ ಜೋಶುವಾ ಹೈಮ್ಸ್ ಜೊತೆಯಾದ. ಪತ್ರಿಕೆಗಳು, ಚಾರ್ಟ್‌ಗಳು, ದೊಡ್ಡ ಡೇರೆಯ ಸಭೆಗಳ ಮೂಲಕ ಹಳ್ಳಿ ರೈತನ ಮಾತು ಸಾವಿರಾರು ಜನರನ್ನು ಮುಟ್ಟಿತು.

ಲೆಕ್ಕದಲ್ಲಿ ಒಂದು ತಪ್ಪಿತ್ತು. ಕ್ರಿಸ್ತಪೂರ್ವ 1 ಮುಗಿದ ಕೂಡಲೇ ಕ್ರಿಸ್ತಶಕ 1 ಬರುತ್ತದೆ, ನಡುವೆ ಸೊನ್ನೆಯ ವರ್ಷವಿಲ್ಲ. ಹಾಗಾಗಿ ಉತ್ತರ 1844 ಆಗಬೇಕಿತ್ತು. ಮಿಲ್ಲರ್ ಹಾಕಿದ್ದ ಗಡುವು 1844ರ ಮಾರ್ಚ್ 21ಕ್ಕೆ ಸುಮ್ಮನೆ ಕಳೆದುಹೋಯಿತು. ಆಗ ಸ್ಯಾಮ್ಯುಯೆಲ್ ಸ್ನೋ ಎಂಬ ಬೋಧಕ ಅಕ್ಟೋಬರ್ 22 ಎಂದು ಹೊಸ ದಿನ ಗೊತ್ತುಮಾಡಿದ. ಇಂಥದೇ ದಿನ ಎನ್ನಲು ಮಿಲ್ಲರ್‌ಗೆ ಹಿಂಜರಿಕೆಯಿತ್ತು. ಕೊನೆಯ ಕೆಲವೇ ವಾರಗಳಿರುವಾಗ ಆತನೂ ಒಪ್ಪಿದ.

ಇಲ್ಲಿ ನನಗೆ ಪರೀಕ್ಷೆ ನೆನಪಾಯಿತು. ಡೇಟಾ ತಪ್ಪಾಗಿ ಬರೆದುಕೊಂಡು ಸ್ಟೆಪ್‌ಗಳನ್ನೆಲ್ಲ ಸರಿ ಮಾಡಿದರೂ ಉತ್ತರ ತಪ್ಪೇ. ಅವರು ವರ್ಷ ತಿದ್ದಿದರು, ತಿಂಗಳು ತಿದ್ದಿದರು. ದಿನವೆಂದರೆ ವರ್ಷ ಎಂಬ ಊಹೆಯನ್ನು ಮಾತ್ರ ಮುಟ್ಟಲಿಲ್ಲ.

ಅಕ್ಟೋಬರ್ 22, ಮಂಗಳವಾರ. ನಂಬಿದವರಲ್ಲಿ ಕೆಲವು ರೈತರು ಬೆಳೆದ ಬೆಳೆಯನ್ನು ಹೊಲದಲ್ಲೇ ಬಿಟ್ಟಿದ್ದರು. ಕೆಲವರು ಅಂಗಡಿ ಮುಚ್ಚಿದ್ದರು, ಇದ್ದುದನ್ನು ಹಂಚಿಬಿಟ್ಟಿದ್ದರು. ರಾತ್ರಿಯೆಲ್ಲ ಕಾದರು. ಬೆಳಗಾಯಿತು. ಇತಿಹಾಸದಲ್ಲಿ ಅದಕ್ಕೆ ಮಹಾ ನಿರಾಶೆ ಎಂದೇ ಹೆಸರು. ಎಷ್ಟೋ ಜನ ಅತ್ತರು. ಬೀದಿಯಲ್ಲಿ ಕಂಡವರೆಲ್ಲ ಇನ್ನೂ ಹೋಗಲಿಲ್ಲವೇ ಎಂದು ಗೇಲಿ ಮಾಡಿದರು. ಕೆಲವೆಡೆ ಅವರ ಸಭಾಮಂದಿರಗಳ ಮೇಲೆ ದಾಳಿಯಾಯಿತು.

ಮಿಲ್ಲರ್ ಮೋಸಗಾರನಲ್ಲ, ಇದರಿಂದ ದುಡ್ಡು ಮಾಡಿದವನೂ ಅಲ್ಲ. ತನ್ನ ಲೆಕ್ಕ ತಪ್ಪಾಯಿತೆಂದು 1845ರಲ್ಲಿ ಬರೆದು ಒಪ್ಪಿಕೊಂಡ. ಅದೇ ವರ್ಷ ಆತನ ಚರ್ಚ್ ಆತನನ್ನು ಹೊರಹಾಕಿತು. ಕ್ರಿಸ್ತ ಬೇಗ ಬರುತ್ತಾನೆಂಬ ನಂಬಿಕೆಯನ್ನು ಮಾತ್ರ ಬಿಡಲಿಲ್ಲ. ಮನೆಯ ಪಕ್ಕದಲ್ಲಿ ಪುಟ್ಟ ಪ್ರಾರ್ಥನಾ ಮಂದಿರ ಕಟ್ಟಿಸಿದ. ಕೊನೆಗಾಲದಲ್ಲಿ ಕಣ್ಣು ಮಂಜಾಯಿತು. 1849ರ ಡಿಸೆಂಬರ್ 20ರಂದು, 67ನೇ ವಯಸ್ಸಿನಲ್ಲಿ ತೀರಿಕೊಂಡ. ತಪ್ಪು ಒಪ್ಪಿಕೊಳ್ಳುವುದು ದೊಡ್ಡ ಗುಣ, ನಿಜ. ಆದರೆ ಅದರಿಂದ ಹೊಲದಲ್ಲಿ ಕೊಳೆತ ಬೆಳೆ ಯಾರ ಮನೆಗೂ ವಾಪಸ್ ಬರಲಿಲ್ಲ.

ಗೆಳೆಯರೇ, ಇದೆಲ್ಲ ಹಳೇ ಕಥೆ ಎಂದುಕೊಳ್ಳಬೇಡಿ. ನನ್ನ ರೂಮ್‌ಮೇಟ್ ಈ ಸೆಮಿಸ್ಟರ್ ಅರ್ಧಕ್ಕೆ ಕ್ಲಾಸು ಬಿಟ್ಟಿದ್ದ. ಇನ್ನೆರಡು ವರ್ಷದಲ್ಲಿ ಎಐ ಬಂದು ಎಂಜಿನಿಯರ್‌ಗಳ ಕೆಲಸವೇ ಮುಗಿಯುತ್ತದೆ ಎಂದು ಯಾರೋ ವಿಡಿಯೊದಲ್ಲಿ ವರ್ಷ, ತಿಂಗಳು ಸಮೇತ ಹೇಳಿದ್ದರಂತೆ. ಏನಾಗುತ್ತದೋ ನನಗೂ ಗೊತ್ತಿಲ್ಲ. ವಾದ ಮಾಡದೆ ಅವನಿಗೆ ಮುತ್ತಾತನ ಎತ್ತಿನ ಕಥೆ ಹೇಳಿದೆ. ಆ ತಾರೀಕು ಬಂದುಹೋದ ಮಾರನೆಯ ದಿನ ನಿನ್ನ ಕೈಯಲ್ಲಿ ಏನಿರುತ್ತದೆ ಎಂದು ಕೇಳಿದೆ. ಅವನು ಉತ್ತರ ಕೊಡಲಿಲ್ಲ. ಎರಡು ದಿನ ಬಿಟ್ಟು ದಂಡದ ಸಮೇತ ಪರೀಕ್ಷಾ ಶುಲ್ಕ ಕಟ್ಟಿ ಬಂದ.

ತಾತನಿಗೆ ಫೋನ್ ಮಾಡಿ ಹೇಳಿದೆ. ಆತ ನಕ್ಕು, ನಿಂದು ಕಟ್ಟಿದೆಯಾ ಎಂದು ಕೇಳಿದ.